ಹೃದಯಕ್ಕೊಂದು ಬೆಲೆ, ಹೆರಿಗೆಗೊಂದು ಬೆಲೆ

‘ವೈದ್ಯೋ ನಾರಾಯಣೋ ಹರಿಃ’ ಎಂದು ಹೇಳಿಕೊಂಡು ಬಂದ ನಾಡು ನಮ್ಮದು. ನಾರಾಯಣನ ಸಂಬಳ ಎಷ್ಟೆಂದು ಕೇಳುವುದು ಮರ್ಯಾದೆಯಲ್ಲ ಎಂಬ ಸಂಕೋಚವೂ ನಮಗಿದೆ. ವರ್ಷಗಟ್ಟಲೆ ಸೀಮೆಸುಣ್ಣ ಹಿಡಿದ ನಾನು ಆ ಸಂಕೋಚವನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಕೇಳಬೇಕೆಂದಿದ್ದೇನೆ. ಏಕೆಂದರೆ ಇದು ಬರಿಯ ವೈದ್ಯರ ಮನೆಯ ವಿಚಾರವಾಗಿ ಉಳಿದಿಲ್ಲ. ನಡುರಾತ್ರಿ ಹೆರಿಗೆ ನೋವು ಬಂದ ಮಳವಳ್ಳಿ ಸೀಮೆಯ ಹೆಣ್ಣುಮಗಳ ವಿಚಾರವೂ ಹೌದು. ಯಾವ ವೈದ್ಯರು ಯಾವ ಊರಿನಲ್ಲಿ ನಿಲ್ಲುತ್ತಾರೆ, ಯಾವ ವಿದ್ಯೆಯನ್ನು ಆರಿಸಿಕೊಳ್ಳುತ್ತಾರೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಅವರು ತೊಟ್ಟ ಪ್ರತಿಜ್ಞೆಗಿಂತ ಅವರಿಗೆ ಸಿಗುವ ಪಗಾರ.

ಮೊದಲು ಊರಿನ ಲೆಕ್ಕ ನೋಡೋಣ. ಏಳನೇ ರಾಜ್ಯ ವೇತನ ಆಯೋಗದ ವರದಿ 2024ರ ಆಗಸ್ಟ್ ಒಂದರಿಂದ ಜಾರಿಗೆ ಬಂತು. ಅದರಂತೆ ಮನೆ ಬಾಡಿಗೆ ಭತ್ಯೆ ಬೆಂಗಳೂರಿನ ನೌಕರರಿಗೆ ಮೂಲವೇತನದ ಶೇಕಡಾ 20, ಮೈಸೂರಿನಂಥ ನಗರಗಳಲ್ಲಿ ಶೇಕಡಾ 15, ನಮ್ಮಂಥ ಊರುಗಳಲ್ಲಿ ಶೇಕಡಾ 7.5. ಇದು ಮೇಷ್ಟರಿಗೂ ಅಷ್ಟೇ, ಡಾಕ್ಟರಿಗೂ ಅಷ್ಟೇ. ಮೂಲವೇತನ ಒಂದು ಲಕ್ಷವೆಂದು ಹಿಡಿಯಿರಿ. ಬೆಂಗಳೂರಿನಲ್ಲಿ ಕುಳಿತವರಿಗೂ ಹಳ್ಳಿಯಲ್ಲಿ ಕುಳಿತವರಿಗೂ ತಿಂಗಳಿಗೆ 12,500 ರೂಪಾಯಿ ವ್ಯತ್ಯಾಸ. ನಗರದಲ್ಲಿ ಬಾಡಿಗೆ ಹೆಚ್ಚು ಎನ್ನುವವರುಂಟು. ಹೆಚ್ಚೇ, ಇಲ್ಲವೆನ್ನುವುದಿಲ್ಲ. ಆದರೆ ಹಳ್ಳಿಯಲ್ಲಿ ಕೆಲಸ ಮಾಡುತ್ತ, ಮಕ್ಕಳ ಓದಿಗಾಗಿ ಮೈಸೂರಿನಲ್ಲಿ ಎರಡನೇ ಮನೆ ಮಾಡಿ, ಎರಡು ಒಲೆ ಹೊತ್ತಿಸುವವರ ಬಾಡಿಗೆಯನ್ನು ಯಾವ ಆಯೋಗ ಎಣಿಸಿತು? ವೈದ್ಯರಿಗೆ ಬೇರೆ ವಿಶೇಷ ಭತ್ಯೆಗಳಿವೆ ಎಂಬುದೂ ನನಗೆ ಗೊತ್ತು. ಒಂದು ಕೈಯಿಂದ ಹಳ್ಳಿಗೆ ಕರೆಯುವುದು, ಇನ್ನೊಂದು ಕೈಯಿಂದ ನಗರಕ್ಕೆ ದಾರಿ ತೋರಿಸುವುದು ಎಂದರೆ ಇದೇ.

ನಮ್ಮ ತಾಲ್ಲೂಕಿಗೆ ಇದು ಹೊಸ ಅನುಭವವೇನಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗೆ. ಸುತ್ತಲ ಹಳ್ಳಿಗಳು ಎಷ್ಟೋ ಕಾಲ ಬುಡ್ಡಿದೀಪದಲ್ಲೇ ಉಂಡವು. ನಮ್ಮ ತೊರೆಕಾಡನಹಳ್ಳಿಯಿಂದ ಕಾವೇರಿ ನೀರು 1974ರಿಂದ ಬೆಂಗಳೂರಿನ ನಲ್ಲಿಗೆ ಏರುತ್ತಿದೆ. 2024ರ ಅಕ್ಟೋಬರಿನಲ್ಲಿ ಐದನೇ ಹಂತವೂ ಶುರುವಾಯಿತು. ಬೆಳಕು ಹೋಯಿತು, ನೀರು ಹೋಯಿತು, ಈಗ ನಮ್ಮ ಶಾಲೆಯಲ್ಲಿ ಅ ಆ ಇ ಈ ತಿದ್ದಿ ಡಾಕ್ಟರಾದ ಮಕ್ಕಳೂ ಅದೇ ಕೊಳವೆ ಮಾರ್ಗದಲ್ಲಿ ಹೋಗುತ್ತಿದ್ದಾರೆ.

ಕಾನೂನು ಇದೆಯಲ್ಲ ಎನ್ನಬಹುದು. ವೈದ್ಯಕೀಯ ಪದವಿ ಮುಗಿಸಿದವರು ಒಂದು ವರ್ಷ ಕಡ್ಡಾಯ ಸೇವೆ ಮಾಡಬೇಕೆಂದು ಕರ್ನಾಟಕ 2012ರಲ್ಲೇ ಕಾಯಿದೆ ಮಾಡಿತು. ಒಳ್ಳೆಯದೇ. ಆದರೆ ಒಂದು ವರ್ಷಕ್ಕೆ ಬಂದವರು ಒಂದು ವರ್ಷದವರೇ. ರೋಗಿಯ ಹೆಸರು, ಅವನ ಅಪ್ಪನ ಸಕ್ಕರೆ ಕಾಯಿಲೆ, ಅತ್ತೆಯ ಹಟ ಎಲ್ಲ ತಿಳಿಯುವ ಹೊತ್ತಿಗೆ ಗಂಟುಮೂಟೆ ಕಟ್ಟಿರುತ್ತಾರೆ. ಅಮೆರಿಕದಲ್ಲಿ ವೈದ್ಯರನ್ನು ಹಳ್ಳಿಗಾಡಿಗೆ ಕರೆತರಲು ನಗರಕ್ಕಿಂತ ಹೆಚ್ಚು ಸಂಬಳ ಕೊಡುವುದುಂಟು. ದುಡ್ಡೇ ದೊಡ್ಡಪ್ಪ ಎನ್ನುವ ದೇಶಕ್ಕೆ ಅರ್ಥವಾದದ್ದು ಸೇವೆಯೇ ಧರ್ಮ ಎನ್ನುವ ನಮಗೆ ಅರ್ಥವಾಗಿಲ್ಲ.

ಇನ್ನು ವಿದ್ಯೆಯ ಲೆಕ್ಕ. ಮೂಳೆಗೊಂದು ದರ, ಹೃದಯಕ್ಕೊಂದು ದರ, ಮಗುವಿನ ಜ್ವರಕ್ಕೊಂದು ದರ. ಸ್ನಾತಕೋತ್ತರ ಸೀಟು ಹಂಚುವಾಗ ರೇಡಿಯಾಲಜಿ, ಚರ್ಮರೋಗದ ಸೀಟುಗಳು ಮೊದಲೇ ಮುಗಿಯುತ್ತವೆ. ಅಂಗರಚನಾ ಶಾಸ್ತ್ರದಂಥ ಪಾಠ ಹೇಳುವ ವಿಷಯಗಳ ಸೀಟು ಖಾಲಿ ಬೀಳುತ್ತವೆ. 2023ರಲ್ಲಂತೂ ಖಾಲಿ ಸೀಟು ತುಂಬಲು ಅರ್ಹತೆಯ ಗೆರೆಯನ್ನೇ ಸೊನ್ನೆ ಪರ್ಸೆಂಟೈಲಿಗೆ ಇಳಿಸಿದರು! ಪರೀಕ್ಷೆ ಬರೆದವರೆಲ್ಲ ಅರ್ಹರೇ. ನಾಳೆಯ ವೈದ್ಯರಿಗೆ ಪಾಠ ಹೇಳುವವರ, ಊರಿನ ಕುಡಿಯುವ ನೀರು, ಡೆಂಗೆ, ಲಸಿಕೆ ನೋಡುವವರ ಬೆಲೆ ಅಷ್ಟು ಇಳಿದಿದೆ. ಸೀಟಿಗೆ ಲಕ್ಷಗಟ್ಟಲೆ ಸುರಿದು ಕಲಿತವರು ಆ ಲಕ್ಷವನ್ನು ಬೇಗ ಮರಳಿಸುವ ವಿದ್ಯೆಯನ್ನೇ ಹುಡುಕುತ್ತಾರೆ. ಇತ್ತ ತಜ್ಞರು ಸಿಗದೆ ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ‘ನೀವು ಹೇಳಿ, ನಾವು ಕೊಡುತ್ತೇವೆ’ ಎಂಬ ಪದ್ಧತಿಗೂ ದಾರಿ ಮಾಡಿಕೊಟ್ಟಿದ್ದಾರೆ. ತಜ್ಞರು ತಮ್ಮ ದರ ತಾವೇ ಹೇಳಬಹುದು. ಎಲ್ಲ ಕಾಯಿಲೆಯನ್ನೂ ಮೊದಲು ನೋಡಿ, ಯಾರನ್ನು ಎಲ್ಲಿಗೆ ಕಳಿಸಬೇಕೆಂದು ತೀರ್ಮಾನಿಸುವ ಪ್ರಾಥಮಿಕ ಆರೋಗ್ಯ ಕೇಂದ್ರದ ಎಂಬಿಬಿಎಸ್ ವೈದ್ಯರಿಗೆ ಹಾಗೆ ಹೇಳುವ ಬಾಯಿಲ್ಲ.

ನಾವೇನೂ ಕಡಿಮೆಯವರಲ್ಲ. ಸ್ಕ್ಯಾನಿಂಗಿಗೆ ಸಾವಿರಾರು ರೂಪಾಯಿ ತೆತ್ತು ಚೀಟಿ ಜೋಪಾನ ಮಾಡುತ್ತೇವೆ. ಅರ್ಧ ಗಂಟೆ ಕೂರಿಸಿಕೊಂಡು ಕಷ್ಟ ಕೇಳಿದ ವೈದ್ಯರು ನೂರು ಕೇಳಿದರೆ ‘ಬರೀ ಮಾತಾಡ್ಸಿದ್ದಕ್ಕಾ?’ ಎನ್ನುತ್ತೇವೆ. ನಮ್ಮ ಜಿಲ್ಲೆಯಲ್ಲಿ ಚರ್ಮರೋಗ ತಜ್ಞ ಡಾಕ್ಟರ್ ಶಂಕರೇಗೌಡರು ಐದು ರೂಪಾಯಿ ಡಾಕ್ಟರ್ ಎಂದೇ ಹೆಸರಾದವರು. ದಶಕಗಳ ಕಾಲ ಸಾಲುಗಟ್ಟಿದ ಜನಕ್ಕೆ ಐದು ರೂಪಾಯಿಗೆ ಮದ್ದು ಬರೆದುಕೊಟ್ಟರು. ಅವರಿಗೆ ಕೈಮುಗಿಯುತ್ತೇನೆ. ಆದರೆ ಅವರ ಹೆಸರು ಹೇಳಿ ‘ನೋಡಿ, ಮನಸ್ಸಿದ್ದರೆ ಸಾಕು’ ಎಂದು ಭಾಷಣ ಬಿಗಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಒಬ್ಬರ ತ್ಯಾಗವನ್ನು ತೋರಿಸಿ ಊರಿನ ವ್ಯವಸ್ಥೆಯ ಹೊಣೆಯಿಂದ ನುಣುಚಿಕೊಳ್ಳುವುದು ಜಾಣತನವೇ ಹೊರತು ನ್ಯಾಯವಲ್ಲ.

ಕೊನೆಯ ಲೆಕ್ಕ ಹೆಣ್ಣಿನದು. ಸರ್ಕಾರಿ ವೇತನ ಶ್ರೇಣಿಯಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ, ಸಂತೋಷ. ಭೇದ ಹುಟ್ಟುವುದು ಖಾಸಗಿಯಲ್ಲಿ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನಗರದ ಒಂದು ಆಸ್ಪತ್ರೆಯಲ್ಲಿದ್ದಾಳೆ. ಅದೇ ಪದವಿ, ಅದೇ ವರ್ಷ ಸೇರಿದ ಗಂಡಸಿಗೆ ತನಗಿಂತ ಹೆಚ್ಚು ಸಂಬಳವೆಂದು ತಿಳಿದು ಕೇಳಿದಳಂತೆ. ‘ನಿಮ್ಮ ಯಜಮಾನ್ರೂ ದುಡೀತಾರಲ್ಲ ಮೇಡಂ’ ಎಂಬ ಉತ್ತರ ಬಂತಂತೆ. ‘ಉದ್ಯೋಗಂ ಪುರುಷ ಲಕ್ಷಣಂ’ ಎಂಬ ಗಾದೆ ಹವಾನಿಯಂತ್ರಿತ ಕೋಣೆಯಲ್ಲೂ ಕೂತಿದೆ ನೋಡಿ. ಸಮಾನ ಕೆಲಸಕ್ಕೆ ಸಮಾನ ವೇತನದ ಕಾಯಿದೆ ಬಂದದ್ದು 1976ರಲ್ಲಿ. 2019ರ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ. ಬ್ರಿಟನ್ನಿನಲ್ಲಿ ಸರ್ಕಾರವೇ ಲೆಕ್ಕ ಹಾಕಿಸಿತು. ಜೇನ್ ಡೇಕ್ರೆ ಎಂಬ ವೈದ್ಯೆಯ ನೇತೃತ್ವದ ವರದಿ 2020ರಲ್ಲಿ ಹೊರಬಂತು. ಕೆಲಸದ ಅವಧಿಯ ವ್ಯತ್ಯಾಸವನ್ನು ಸರಿದೂಗಿಸಿದ ಮೇಲೂ ಆಸ್ಪತ್ರೆಯ ವೈದ್ಯೆಯರಿಗೆ ಗಂಡಸರಿಗಿಂತ ಶೇಕಡಾ 18.9 ಕಡಿಮೆ ಸಿಗುತ್ತಿತ್ತು. ಅವರು ಲೆಕ್ಕ ಹಾಕಿ ನಾಚಿಕೊಂಡರು. ನಾವು ಲೆಕ್ಕ ಹಾಕದೆ ನಿಶ್ಚಿಂತರಾಗಿದ್ದೇವೆ.

ಹೆಣ್ಣುಮಕ್ಕಳು ರಾತ್ರಿ ಕೆಲಸಕ್ಕೆ ಬರುವುದಿಲ್ಲ, ಶಸ್ತ್ರಚಿಕಿತ್ಸೆಯಂಥ ಕಷ್ಟದ ವಿದ್ಯೆ ಆರಿಸುವುದಿಲ್ಲ, ಅದಕ್ಕೇ ಕಡಿಮೆ ಎಂಬ ಸಮಜಾಯಿಷಿ ಸಿದ್ಧವಾಗಿದೆ. ಹೆರಿಗೆಯೇನು ಹಗಲು ಹತ್ತರಿಂದ ಐದರವರೆಗೆ ಆಗುತ್ತದೆಯೆ? ರಾತ್ರಿಯೆಲ್ಲ ಹೆರಿಗೆ ಕೋಣೆಯಲ್ಲಿ ನಿಲ್ಲುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳೇ. 2024ರ ಆಗಸ್ಟಿನಲ್ಲಿ ಕೊಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ಯುವವೈದ್ಯೆಗೆ ಏನಾಯಿತೆಂದು ದೇಶವೆಲ್ಲ ಕಂಡಿತು. ವಿಶ್ರಾಂತಿಗೆ ಬಾಗಿಲು ಭದ್ರವಿರುವ ಒಂದು ಕೋಣೆ ಕೊಡದವರು ಧೈರ್ಯದ ಪಾಠ ಹೇಳಬಾರದು. ಹೊರಗೆ ಬಂದರೆ ನಮ್ಮ ಜನ ಆಕೆಯನ್ನು ‘ಸಿಸ್ಟ್ರೇ, ಡಾಕ್ಟ್ರು ಯಾವಾಗ ಬತ್ತಾರೆ?’ ಎಂದು ಕೇಳುತ್ತಾರೆ. 2023ರಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಹೆಣ್ಣುಭ್ರೂಣ ಹುಡುಕುತ್ತಿದ್ದ ಜಾಲವನ್ನು ಪೊಲೀಸರು ಹಿಡಿದರು. ಬೆಲ್ಲ ಬೇಯಿಸುವ ಜಾಗದಲ್ಲಿ ಮಗಳ ಬೆಲೆ ಕಟ್ಟುವ ನಾಡಿನಲ್ಲಿ, ಬದುಕುಳಿದು ಓದಿ ವೈದ್ಯೆಯಾದ ಮಗಳಿಗೂ ಕಡಿಮೆ ಬೆಲೆಯೇ ಸಿಕ್ಕರೆ ಆಶ್ಚರ್ಯವೇನು? ಆಕೆಯ ಕೆಳಗಿನ ಮೆಟ್ಟಿಲಲ್ಲಿರುವ ಆಶಾ ಕಾರ್ಯಕರ್ತೆಯರು 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತು ಪಡೆದದ್ದು ತಿಂಗಳಿಗೆ 10,000 ರೂಪಾಯಿಯ ಭರವಸೆ.

ನಾನು ಕೇಳುವುದಿಷ್ಟೆ. ಹಳ್ಳಿಯಲ್ಲಿ ನಿಂತವರಿಗೆ ನಗರದವರಿಗಿಂತ ಕೈಗೆ ಬರುವುದು ಹೆಚ್ಚಿರಲಿ, ಸೋರದ ವಸತಿಗೃಹವಿರಲಿ. ಮೊದಲು ನೋಡುವ ವೈದ್ಯರಿಗೂ ತಜ್ಞರಿಗೂ ನಡುವಿನ ಕಂದರ ತಗ್ಗಲಿ. ಖಾಸಗಿ ಆಸ್ಪತ್ರೆಗಳು ಗಂಡಿಗೆಷ್ಟು, ಹೆಣ್ಣಿಗೆಷ್ಟು ಎಂದು ವರ್ಷಕ್ಕೊಮ್ಮೆ ಸರ್ಕಾರಕ್ಕೆ ಲೆಕ್ಕ ಒಪ್ಪಿಸಲಿ. ಚಿಕಿತ್ಸೆಯ ದರಪಟ್ಟಿ ಗೋಡೆಗೆ ತೂಗುಹಾಕುವವರಿಗೆ ಇದೇನೂ ಕಷ್ಟವಲ್ಲ. ಇಷ್ಟೂ ಆಗದಿದ್ದರೆ ‘ವೈದ್ಯೋ ನಾರಾಯಣೋ’ ಎನ್ನುವುದನ್ನಾದರೂ ನಿಲ್ಲಿಸೋಣ. ಊರು ನೋಡಿ, ಅಂಗ ನೋಡಿ, ಸೀರೆಯೋ ಪ್ಯಾಂಟೋ ನೋಡಿ ಬೆಲೆ ಕಟ್ಟುವ ಕಡೆ ದೇವರ ಹೆಸರೇಕೆ?