ಹುಳಿಯಾಗುತ್ತಿರುವ ಕಾಫಿ ಮಣ್ಣು, ಅಗ್ಗದ ಯೂರಿಯಾ

ಕಾಫಿಗೆ ಇಂಥ ಬೆಲೆ ಬಂದೀತೆಂದು ಐದು ವರ್ಷಗಳ ಹಿಂದೆ ಯಾರೂ ಎಣಿಸಿರಲಿಲ್ಲ. 2025ರ ಆರಂಭದಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತು. ಅದಕ್ಕೂ ಮೊದಲೇ ರೊಬಸ್ಟಾ ದಾಖಲೆಯ ಎತ್ತರ ಏರಿತ್ತು. ಕೈಯಲ್ಲಿ ನಾಲ್ಕು ಕಾಸು ಓಡಾಡಿದಾಗ ಬೆಳೆಗಾರ ಮೊದಲು ಬಿಚ್ಚುವುದು ಗೊಬ್ಬರದ ಚೀಲವನ್ನು. ಬೆಲೆ ಬಿದ್ದಿದ್ದ ವರ್ಷಗಳಲ್ಲಿ ಅರೆಹೊಟ್ಟೆಯಲ್ಲಿದ್ದ ಗಿಡಗಳಿಗೆ ಈಗಲಾದರೂ ತುಸು ಹೆಚ್ಚು ಹಾಕೋಣ ಎನ್ನುವ ಆಸೆ ಸಹಜವೇ. ಆದರೆ ಕೊಡಗು, ಚಿಕ್ಕಮಗಳೂರು, ಹಾಸನದ ಎಷ್ಟೋ ತೋಟಗಳಲ್ಲಿ ಈ ಹಣದ ದೊಡ್ಡ ಪಾಲು ಗಿಡಕ್ಕೆ ತಲುಪುವುದಿಲ್ಲ. ಗೊಬ್ಬರವನ್ನು ಹಿಡಿದಿಟ್ಟು ಬೇರಿಗೆ ಕೊಡಬೇಕಾದ ಮಣ್ಣೇ ಹುಳಿಯಾಗಿದೆ.

ಕಾಫಿ ಗಿಡಕ್ಕೆ ಒಗ್ಗುವ ಮಣ್ಣಿನ ರಸಸಾರ 6ರಿಂದ 6.5. ಮಲೆನಾಡಿನ ಮಣ್ಣು ಮೊದಲೇ ಆಮ್ಲೀಯ. ವರ್ಷಕ್ಕೆ 2,000 ಮಿಲಿಮೀಟರ್ ದಾಟುವ ಮಳೆ ಕ್ಯಾಲ್ಸಿಯಂ, ಮೆಗ್ನೀಷಿಯಂಗಳನ್ನು ತೊಳೆದು ಹಳ್ಳ ಸೇರಿಸುತ್ತದೆ. ರಸಸಾರ 6ರಿಂದ 5ಕ್ಕೆ ಇಳಿದರೆ ಹುಳಿ ಹತ್ತು ಪಟ್ಟು ಏರಿತೆಂದೇ ಲೆಕ್ಕ. 5ರ ಕೆಳಗೆ ಹೋದಂತೆ ಮಣ್ಣಿನ ಅಲ್ಯೂಮಿನಿಯಂ ಕರಗಿ ಎಳೆಬೇರಿನ ತುದಿಯನ್ನೇ ಸುಡುತ್ತದೆ. ಹಾಕಿದ ರಂಜಕ ಕಬ್ಬಿಣ, ಅಲ್ಯೂಮಿನಿಯಂಗಳಿಗೆ ಅಂಟಿಕೊಂಡು ಗಿಡಕ್ಕೆ ಸಿಗದಂತಾಗುತ್ತದೆ. ಎಲೆ ಹಳದಿಯಾದದ್ದನ್ನು ಕಂಡ ಬೆಳೆಗಾರ ಇನ್ನೊಂದು ಚೀಲ ಯೂರಿಯಾ ತರಿಸುತ್ತಾನೆ. ಅದು ಮಣ್ಣನ್ನು ಇನ್ನಷ್ಟು ಹುಳಿ ಮಾಡುತ್ತದೆ.

ಲೆಕ್ಕ ಹಾಕಿ ನೋಡಿ. ಯೂರಿಯಾದಲ್ಲಿ ಸಾರಜನಕ ಶೇ 46. ನೂರು ಕೆ.ಜಿ. ಯೂರಿಯಾ ಮಣ್ಣಿನಲ್ಲಿ ಹುಟ್ಟಿಸುವ ಹುಳಿಯನ್ನು ಶಮನ ಮಾಡಲು ಸುಮಾರು 84 ಕೆ.ಜಿ. ಶುದ್ಧ ಸುಣ್ಣದಕಲ್ಲಿನ ಪುಡಿ ಬೇಕೆನ್ನುವುದು ಕೃಷಿ ರಸಾಯನಶಾಸ್ತ್ರದ ಹಳೆಯ ಕೋಷ್ಟಕ. ಅಮೋನಿಯಂ ಸಲ್ಫೇಟ್ ಆದರೆ 110 ಕೆ.ಜಿ. ಎಕರೆಗೆ ವರ್ಷಕ್ಕೆ ಎರಡು ಚೀಲ ಯೂರಿಯಾ ಹಾಕುವ ತೋಟಕ್ಕೆ ಹತ್ತು ವರ್ಷದಲ್ಲಿ ಏಳೂವರೆ ಕ್ವಿಂಟಲ್ ಸುಣ್ಣದ ಬಾಕಿ ನಿಲ್ಲುತ್ತದೆ. ಮಳೆ ತೊಳೆದದ್ದನ್ನು ಇದಕ್ಕೆ ಸೇರಿಸಿಲ್ಲ. ಈ ಬಾಕಿ ಯಾವ ಖಾತೆಯಲ್ಲೂ ಕಾಣುವುದಿಲ್ಲ, ಗಿಡದ ರೆಕ್ಕೆ, ಅಂದರೆ ಅಡ್ಡಕೊಂಬೆ, ಒಣಗತೊಡಗಿದಾಗಷ್ಟೇ ಗೊತ್ತಾಗುತ್ತದೆ.

ಇದರ ಹೊಣೆಯನ್ನೆಲ್ಲ ಬೆಳೆಗಾರನ ತಲೆಗೆ ಕಟ್ಟುವುದು ನ್ಯಾಯವಲ್ಲ. ಕಾಫಿ ಮಂಡಳಿಯ ಲೆಕ್ಕದಲ್ಲಿ ಬಹುತೇಕ ಎಲ್ಲರೂ 10 ಹೆಕ್ಟೇರಿನೊಳಗಿನ ಸಣ್ಣ ಬೆಳೆಗಾರರು. ಯಾವ ಗೊಬ್ಬರ ಅಗ್ಗವೋ ಅದೇ ಅವರ ತೋಟಕ್ಕೆ ಬರುತ್ತದೆ. ಕೇಂದ್ರ ಸರ್ಕಾರ 2010ರಲ್ಲಿ ಪೋಷಕಾಂಶ ಆಧಾರಿತ ಸಹಾಯಧನ ಪದ್ಧತಿ ತಂದಾಗ ಯೂರಿಯಾವನ್ನು ಅದರಿಂದ ಹೊರಗಿಟ್ಟಿತು. ಹಾಗಾಗಿ ತೆರಿಗೆ ಮತ್ತು ಬೇವಿನ ಲೇಪನದ ಖರ್ಚು ಬಿಟ್ಟರೆ 45 ಕೆ.ಜಿ. ಯೂರಿಯಾ ಚೀಲದ ಬೆಲೆ ವರ್ಷಗಳಿಂದ 242 ರೂಪಾಯಿಯಲ್ಲೇ ನಿಂತಿದೆ. ಬಹುತೇಕ ಆಮದಾಗಿಯೇ ಬರುವ ಪೊಟ್ಯಾಷ್ ಮಾತ್ರ ಲೋಕದ ಮಾರುಕಟ್ಟೆಯ ಜೊತೆ ಏರಿಳಿಯುತ್ತದೆ. ಕಾಫಿ ಹಣ್ಣು ಮಣ್ಣಿನಿಂದ ಎತ್ತಿಕೊಂಡು ಹೋಗುವುದರಲ್ಲಿ ಪೊಟ್ಯಾಷ್ ಸಾರಜನಕಕ್ಕಿಂತ ಕಡಿಮೆ ಇಲ್ಲ, ಅರೇಬಿಕಾದಲ್ಲಿ ಇನ್ನೂ ಹೆಚ್ಚೇ. ಸುಣ್ಣವಂತೂ ಆ ಸಹಾಯಧನದ ಪಟ್ಟಿಯಲ್ಲೇ ಇಲ್ಲ. ಹುಳಿ ಮಾಡುವ ವಸ್ತುವಿಗೆ ಸರ್ಕಾರದ ದುಡ್ಡು, ಹುಳಿ ಇಳಿಸುವ ವಸ್ತುವಿಗೆ ಬೆಳೆಗಾರನ ದುಡ್ಡು. ಭತ್ತ, ಗೋಧಿಯ ಬಯಲನ್ನು ಕಣ್ಣಮುಂದಿಟ್ಟುಕೊಂಡು ಮಾಡಿದ ಈ ನೀತಿಯಲ್ಲಿ ಘಟ್ಟದ ಇಳಿಜಾರಿಗೆ ಜಾಗವೇ ಇರಲಿಲ್ಲ.

ಸುಣ್ಣ ಹಾಕಿದರೆ ಎಲ್ಲ ಸರಿಹೋಯಿತೆಂದಲ್ಲ. ಮಣ್ಣು ಪರೀಕ್ಷೆ ಮಾಡಿಸದೆ ಹಾಕಿದ ಸುಣ್ಣ ಸತು, ಬೋರಾನ್ ಕೊರತೆ ತರಬಹುದು. ಯೂರಿಯಾದ ಜೊತೆಯಲ್ಲೇ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಎರಡರ ನಡುವೆ ತಿಂಗಳಿನಷ್ಟಾದರೂ ಬಿಡುವಿರಬೇಕು. ಮಳೆಗಾಲ ಕಳೆದು, ಮಣ್ಣಿನಲ್ಲಿ ಪಸೆ ಇರುವಾಗಲೇ ಹರಡಿದರೆ ಒಳ್ಳೆಯದು. ಆದರೆ ಆ ಹೊತ್ತಿಗೆ ಅರೇಬಿಕಾ ಕೊಯ್ಲು ಶುರುವಾಗಿ ಆಳು ಸಿಗುವುದಿಲ್ಲ. ತೋಟದಲ್ಲಿ ಸುಣ್ಣದ ಕೆಲಸ ಮುಂದಿನ ವರ್ಷಕ್ಕೆ ಮುಂದೂಡಲ್ಪಡುವುದು ಹೀಗೆಯೇ.

ಸುಣ್ಣಕ್ಕಿಂತಲೂ ಆಳದಲ್ಲಿರುವುದು ದರಗಿನ, ಅಂದರೆ ಉದುರಿದ ಎಲೆಯ ಹಾಸಿನ ಪ್ರಶ್ನೆ. ಅತ್ತಿ, ಬಸರಿ, ಹಲಸಿನ ನೆರಳಿರುವ ಹಳೆಯ ರೊಬಸ್ಟಾ ತೋಟದಲ್ಲಿ ಗಿಡದ ಕೆಳಗೆ ಕೂತು ಒದ್ದೆ ದರಗನ್ನು ಕೈಯಲ್ಲಿ ಸರಿಸಿ. ಮೇಲಿನ ಎಲೆ ಇನ್ನೂ ಎಲೆಯೇ. ಅದರ ಕೆಳಗಿನದು ನರಗಳಷ್ಟೇ ಉಳಿದ ಜರಡಿ. ಇನ್ನೂ ಕೆಳಗೆ ಬಿಳಿ ಬೂಸ್ಟಿನ ಎಳೆಗಳು, ಆಮೇಲೆ ಬೆರಳಿಗೆ ಅಂಟುವ ಕಪ್ಪು ಮಣ್ಣು. ಕಾಫಿಯ ಸಣ್ಣ ಬೇರುಗಳು ಮಣ್ಣಿನಿಂದ ಮೇಲಕ್ಕೆ ಹತ್ತಿ ಆ ಅರೆಕೊಳೆತ ಎಲೆಗಳ ನಡುವೆಯೇ ಹೆಣೆದುಕೊಂಡಿರುತ್ತವೆ. ಗಿಡಕ್ಕೆ ಅನ್ನ ತರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದಡಿ ಮಣ್ಣಿನಲ್ಲೇ ಇರುತ್ತವೆ. ಗೊಬ್ಬರ ಹಾಕುವಾಗ ದರಗನ್ನು ಸರಿಸಿ, ರೆಕ್ಕೆಯ ನೆರಳಿನಂಚಿಗೆ ಸುತ್ತ ಹಾಕಿ, ಮತ್ತೆ ದರಗು ಮುಚ್ಚಬೇಕು ಎನ್ನುವುದು ಇದಕ್ಕೇ. ಗುತ್ತಿಗೆಗೆ ಗೊಬ್ಬರ ಹಾಕಿಸಿದ ತೋಟದಲ್ಲಿ ಅದು ಬುಡಕ್ಕೆ ಎರಚಿದ ಬಿಳಿ ಹರಳಾಗಿ ಬಿದ್ದಿರುತ್ತದೆ. ಒಂದು ಜೋರು ಮಳೆಗೆ ಅದು ಪಕ್ಕದ ಗದ್ದೆಯ ಪಾಲು.

ಈ ದರಗು ತೆಳ್ಳಗಾಗುತ್ತಿದೆ. ಮೆಣಸಿನ ಬಳ್ಳಿಗೆ ನೆಟ್ಟಗೆ ನಿಲ್ಲುವ, ಕಡಿಯಲು ತೊಡಕು ಕಡಿಮೆ ಇರುವ ಸಿಲ್ವರ್ ಓಕ್ ಕಾಡುಮರಗಳ ಜಾಗಕ್ಕೆ ಬಂದಿದೆ. ಹಾಲುವಾಣ ಸಾರಜನಕ ಹಿಡಿದುಕೊಡುವ ದ್ವಿದಳ ಮರ, ಅದರ ಮೆತ್ತನೆಯ ಎಲೆ ಬೇಗ ಕೊಳೆಯುತ್ತದೆ. ಸಿಲ್ವರ್ ಓಕ್‌ನ ಗಡುಸು ಎಲೆ ಆ ಕೆಲಸಕ್ಕಿಲ್ಲ. ಮೇಲಿಂದ ಕಳೆನಾಶಕ. ಆಳಿನ ಕೂಲಿ ನೋಡಿದರೆ ಕತ್ತಿಯಲ್ಲಿ ಕಳೆ ಹೊಡೆಸುವುದು ದುಬಾರಿ, ನಿಜ. ಆದರೆ ಇಳಿಜಾರಿನ ಬೋಳು ನೆಲದ ಮೇಲೆ ಜುಲೈ ಮಳೆ ಬಿದ್ದರೆ ಮೊದಲು ಹೋಗುವುದು ಆ ಕಪ್ಪು ಪದರವೇ. ಸಾಲುಗಳ ನಡುವೆ ತೊಟ್ಟಿಲು ಗುಂಡಿ ತೆಗೆದು ಮಣ್ಣು, ಎಲೆ ಎರಡನ್ನೂ ತಡೆದು ನಿಲ್ಲಿಸುವ ಹಳೆಯ ಪದ್ಧತಿಯನ್ನು ಕೈಬಿಟ್ಟ ತೋಟಗಳಲ್ಲಿ ಈ ನಷ್ಟ ಎದ್ದು ಕಾಣುತ್ತದೆ.

ಇಲ್ಲಿನವರಿಗೆ ಇದು ಹೊಸ ತಿಳಿವಳಿಕೆಯೇನಲ್ಲ. 1850ರ ದಶಕದಲ್ಲಿ ಮಂಜರಾಬಾದಿಗೆ, ಅಂದರೆ ಇಂದಿನ ಸಕಲೇಶಪುರದ ಸೀಮೆಗೆ ಬಂದು ತೋಟ ಮಾಡಿದ ರಾಬರ್ಟ್ ಎಲಿಯಟ್, 1894ರಲ್ಲಿ ಪ್ರಕಟಿಸಿದ ಮೈಸೂರು ಕಾಫಿ ಕುರಿತ ಪುಸ್ತಕದಲ್ಲಿ ನೆರಳಿನ ಮರಗಳ ಬಗ್ಗೆ, ಕೊಟ್ಟಿಗೆ ಗೊಬ್ಬರ, ಮೂಳೆ ಪುಡಿ, ಕಾಡಿನ ಮೇಲ್ಮಣ್ಣಿನ ಬಗ್ಗೆ ವಿಸ್ತಾರವಾಗಿ ಬರೆದಿದ್ದಾನೆ. ಸ್ಕಾಟ್ಲೆಂಡಿನ ತನ್ನ ಜಮೀನಿನಲ್ಲಿ ಆಳಬೇರಿನ ಹುಲ್ಲು, ಸೊಪ್ಪು ಬೆಳೆಸಿ ಮಣ್ಣಿಗೆ ಜೀವಾಂಶ ತುಂಬುವ ಕ್ಲಿಫ್ಟನ್ ಪಾರ್ಕ್ ಪದ್ಧತಿ ರೂಪಿಸಿದವನೂ ಇವನೇ. ಸಾವಯವ ಕೃಷಿಯ ಚರಿತ್ರೆಯಲ್ಲಿ ಆ ಪದ್ಧತಿಗೆ ಗಟ್ಟಿ ಸ್ಥಾನವಿದೆ. 1925ರಲ್ಲಿ ಬಾಳೆಹೊನ್ನೂರಿನ ಬಳಿ ಶುರುವಾದ ಕಾಫಿ ಸಂಶೋಧನಾ ಕೇಂದ್ರಕ್ಕೆ ನೂರು ವರ್ಷ ತುಂಬಿದೆ. ಮಣ್ಣು ಪರೀಕ್ಷೆ ಮಾಡಿ ಸುಣ್ಣದ ಪ್ರಮಾಣ ಹೇಳುವ ವ್ಯವಸ್ಥೆ ಅಲ್ಲಿದೆ. 2015ರಿಂದ ಮಣ್ಣು ಆರೋಗ್ಯ ಚೀಟಿಯೂ ಇದೆ. ಚೀಟಿಯಲ್ಲಿ ಬರೆದದ್ದು ಮಾರುಕಟ್ಟೆಯಲ್ಲಿ ಕೈಗೆಟಕುವ ಬೆಲೆಗೆ ಸಿಗದಿದ್ದರೆ ಅದು ಬೀರುವಿನಲ್ಲೇ ಉಳಿಯುತ್ತದೆ.

ಯಾರೂ ಅಷ್ಟಾಗಿ ಮಾತಾಡದ ಇನ್ನೊಂದು ಸೋರಿಕೆ ಸಿಪ್ಪೆಯದು. ನಮ್ಮ ರೊಬಸ್ಟಾದ ಬಹುಪಾಲು ಒಣಗಿಸಿದ ಚೆರಿಯಾಗಿ 50 ಕೆ.ಜಿ. ಮೂಟೆಯಲ್ಲಿ ಮಾರಾಟವಾಗುತ್ತದೆ. ಒಟಿ 26, 27, 28 ಎಂದು ವ್ಯಾಪಾರಿ ಲೆಕ್ಕ ಹಾಕುವುದು ಆ ಮೂಟೆಯಲ್ಲಿ ಎಷ್ಟು ಕೆ.ಜಿ. ಬೀಜ ಸಿಗುತ್ತದೆ ಎಂದು. ಉಳಿದ ಇಪ್ಪತ್ತೆರಡರಿಂದ ಇಪ್ಪತ್ನಾಲ್ಕು ಕೆ.ಜಿ.ಯಲ್ಲಿ ಹೆಚ್ಚಿನದು ಸಿಪ್ಪೆ. ಹಣ್ಣು ಮಣ್ಣಿನಿಂದ ಎತ್ತಿದ ಪೊಟ್ಯಾಷ್‌ನ ದೊಡ್ಡ ಪಾಲು ಅದರಲ್ಲೇ ಇರುತ್ತದೆ. ಅದು ತೋಟದಿಂದ ಹೊರಟು ಕ್ಯೂರಿಂಗ್ ವರ್ಕ್ಸ್ ಸೇರಿ, ಅಲ್ಲಿಂದ ಬಾಯ್ಲರಿನ, ಇಟ್ಟಿಗೆ ಗೂಡಿನ ಉರುವಲಾಗುತ್ತದೆ. ಅದೇ ಬೆಳೆಗಾರ ಮುಂದಿನ ಮೇ ತಿಂಗಳಲ್ಲಿ ಹಡಗಿನಲ್ಲಿ ಬಂದ ಪೊಟ್ಯಾಷ್ ಕೊಳ್ಳುತ್ತಾನೆ. ಹಳ್ಳಿ ಮಟ್ಟದಲ್ಲಿ ಹಲ್ಲಿಂಗ್ ಮಾಡಿಸಿ ಸಿಪ್ಪೆಯನ್ನು ಸಗಣಿ, ರಾಕ್ ಫಾಸ್ಫೇಟ್ ಸೇರಿಸಿ ಕೊಳೆಸಿದರೆ ತೋಟದ ಪೊಟ್ಯಾಷ್ ತೋಟದಲ್ಲೇ ಉಳಿಯುತ್ತದೆ. ಒಬ್ಬ ಸಣ್ಣ ಬೆಳೆಗಾರನಿಂದ ಆಗದ್ದು ಹತ್ತು ಜನ ಸೇರಿದ ರೈತ ಉತ್ಪಾದಕ ಕಂಪನಿಯಿಂದ ಆಗಬಹುದು.

ನೆರೆಯ ಕೇರಳದಲ್ಲಿ ಕೃಷಿ ಭವನಗಳು ಸುಣ್ಣವನ್ನು ಸಹಾಯಧನದಲ್ಲಿ ಕೊಡುವ ಪದ್ಧತಿ ಇದೆ. ದೇಶದ ಕಾಫಿಯಲ್ಲಿ ಶೇ 70ರಷ್ಟನ್ನು ಬೆಳೆಯುವ ಕರ್ನಾಟಕಕ್ಕೆ ಅದು ಆಗದ ಮಾತೇನಲ್ಲ. ಬಯಲಿನಿಂದ ಘಟ್ಟ ಹತ್ತುವ ಡೋಲೊಮೈಟ್, ಕೃಷಿ ಸುಣ್ಣದ ಬೆಲೆಯಲ್ಲಿ ಲಾರಿ ಬಾಡಿಗೆಯೇ ಭಾರ. ಆ ಬಾಡಿಗೆಯನ್ನು ರಾಜ್ಯ ಸರ್ಕಾರ ಹೊತ್ತು, ಸಹಕಾರ ಸಂಘಗಳ ಗೋದಾಮಿನಲ್ಲಿ ಅಕ್ಟೋಬರ್ ಹೊತ್ತಿಗೆ ದಾಸ್ತಾನು ಇಡಿಸಲಿ. ಮರುನಾಟಿಗೆ, ನೀರಿನ ಸೌಕರ್ಯಕ್ಕೆ ನೆರವು ಕೊಡುವ ಕಾಫಿ ಮಂಡಳಿ, ಮಣ್ಣು ಪರೀಕ್ಷೆಯ ವರದಿ ತಂದವರಿಗೆ ಸುಣ್ಣ ಮತ್ತು ಸಿಪ್ಪೆ ಕಾಂಪೋಸ್ಟ್ ಘಟಕದ ಬಾಬ್ತಿನಲ್ಲೂ ನೆರವು ಕೊಡಲಿ. ಬೆಳೆಗಾರನೂ ತನ್ನ ಪಾಲಿನ ಖರ್ಚು ಹಾಕಲು ಶಕ್ತನಾಗಿರುವುದು ಬೆಲೆ ಇರುವ ಈ ವರ್ಷಗಳಲ್ಲೇ. ಸುಣ್ಣ ಮಣ್ಣಿಗಿಳಿದು ಕೆಲಸ ಮಾಡಲು ಒಂದೆರಡು ಮಳೆಗಾಲ ಬೇಕು, ಬೆಲೆ ಅಲ್ಲಿಯತನಕ ಕಾಯುವುದಿಲ್ಲ.