ಮಲ್ಹಾರರಾಯನನ್ನು ನೋಡಿ ನಗುವ ಮುನ್ನ

ಈ ಸಲದ ವಾರ್ಷಿಕೋತ್ಸವಕ್ಕೆ ನಮ್ಮ ಸಂಘದವರು ಒಂದು ಪ್ರಹಸನ ಗೊತ್ತುಮಾಡಿದ್ದಾರೆ. ಬರೋಡೆಯ ಮಹಾರಾಜ ಮಲ್ಹಾರರಾವ್ ಗಾಯಕವಾಡ, ಇಂಗ್ಲಿಷ್ ರೆಸಿಡೆಂಟನ ಶರಬತ್ತಿಗೆ ವಜ್ರದ ಪುಡಿ ಹಾಕಿಸಿ ಸಿಕ್ಕಿಬೀಳುವ ಕಥೆ. ತಪ್ಪು ನನ್ನದೇ. ರಜಾದಲ್ಲಿ ವಡೋದರದ ಅಕ್ಕನ ಮನೆಗೆ ಹೋಗಿದ್ದಾಗ ಭಾವ ಹೇಳಿದ ಕಥೆಯನ್ನು ಹಾಸ್ಟೆಲ್ಲಿಗೆ ಹೊತ್ತು ತಂದವನು ನಾನು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನೂ ನಕ್ಕೆ. ಆಮೇಲೆ ಲೈಬ್ರರಿಯಲ್ಲಿ ಕೂತು ಓದಿದೆ. ಈಗ ಪ್ರಹಸನ ಬೇಡ ಅನ್ನುತ್ತಿದ್ದೇನೆ.

ಮಲ್ಹಾರರಾವ್ ಸಾಧುವಲ್ಲ, ಮೊದಲೇ ಒಪ್ಪಿಬಿಡುತ್ತೇನೆ. ಅಣ್ಣ ಖಂಡೇರಾವ್ ರಾಜನಾಗಿದ್ದಾಗ, 1863ರಲ್ಲಿ, ಅವನ ಪ್ರಾಣಕ್ಕೇ ಪಿತೂರಿ ಹೂಡಿದನೆಂದು ಇವನನ್ನು ಪಾದ್ರಾದಲ್ಲಿ ಸೆರೆ ಇಟ್ಟಿದ್ದರು. 1870ರಲ್ಲಿ ಅಣ್ಣ ಸತ್ತ. ತಮ್ಮ ಸೆರೆಯಿಂದ ನೆಟ್ಟಗೆ ಗಾದಿಗೆ ಬಂದ. ಆದರೆ ವಿಧವೆ ರಾಣಿ ಜಮ್ನಾಬಾಯಿ ಬಸುರಿ. ಗಂಡಾದರೆ ಗಾದಿ ಮಗುವಿಗೆ. ಆ ತಿಂಗಳುಗಳಲ್ಲಿ ಅರಮನೆಯಲ್ಲಿ ಯಾರ ಕೈಯ ಅನ್ನವನ್ನು ಯಾರು ನಂಬಿ ಉಂಡರೋ! 1871ರಲ್ಲಿ ಹೆಣ್ಣು ಹುಟ್ಟಿತು, ಇವನು ಉಳಿದುಕೊಂಡ. ರೈತರನ್ನು ಹಿಂಡಿದ, ಚಿನ್ನದ ತೋಪು ಎರಕ ಹೊಯ್ಸಿದ. ದಿವಾನರಾಗಿ ಬಂದ ದಾದಾಭಾಯಿ ನವರೋಜಿಯವರಂಥವರೇ ಒಂದು ವರ್ಷದ ಸುಮಾರಿಗೆ ಸಾಕಪ್ಪಾ ಎಂದು ರಾಜೀನಾಮೆ ಕೊಟ್ಟು ಹೋದರು.

ಇನ್ನು ಶರಬತ್ತಿನ ವಿಷಯ. ರೆಸಿಡೆಂಟ್ ಕರ್ನಲ್ ಫೇರ್‌ಗೂ ರಾಜನಿಗೂ ಎಣ್ಣೆ-ಸೀಗೆಕಾಯಿ. 1874ರ ನವೆಂಬರ್ 2ರಂದು ರಾಜ, ಈ ಮನುಷ್ಯನನ್ನು ಇಲ್ಲಿಂದ ಬದಲಾಯಿಸಿ ಎಂದು ವೈಸ್‌ರಾಯ್ ನಾರ್ತ್‌ಬ್ರೂಕನಿಗೆ ಪತ್ರ ಬರೆದ. ಅದೇ 9ನೇ ತಾರೀಖು ಫೇರ್ ಸಾಹೇಬ ಚಕ್ಕೋತದ ಶರಬತ್ತನ್ನು ಒಂದೆರಡು ಗುಟುಕು ಕುಡಿದು, ರುಚಿ ಕೆಟ್ಟಿದೆ ಎಂದು ಚೆಲ್ಲಿದ. ತಳದಲ್ಲಿ ಉಳಿದ ಗಷ್ಟದಲ್ಲಿ ಪಾಷಾಣ ಮತ್ತು ವಜ್ರದ ಪುಡಿ ಇದೆ ಎಂದರು. ಅಲ್ಲ, ಪತ್ರ ಬರೆದು ಉತ್ತರ ಕಾಯುತ್ತಿರುವವನು ಒಂದೇ ವಾರದಲ್ಲಿ ವಿಷ ಹಾಕಿಸುತ್ತಾನೆಯೇ? ಹಾಕಿಸಲೂಬಹುದು, ತಲೆಕೆಟ್ಟ ದೊರೆ. ಆದರೆ ಪ್ರಶ್ನೆಯಂತೂ ನಗುವಂಥದ್ದಲ್ಲ.

1875ರಲ್ಲಿ ವಿಚಾರಣೆಗೆ ಆರು ಜನ ಕೂತರು. ಮೂವರು ಇಂಗ್ಲಿಷರು, ಮೂವರು ನಮ್ಮವರು: ಗ್ವಾಲಿಯರ್ ಮತ್ತು ಜಯಪುರದ ಮಹಾರಾಜರು, ಸರ್ ದಿನಕರರಾವ್. ರಾಜನ ಪರ ವಾದಿಸಲು ಲಂಡನ್ನಿನಿಂದ ಬ್ಯಾಲಂಟೈನ್ ಎಂಬ ಹೆಸರಾಂತ ವಕೀಲ ಬಂದ. ಮುಖ್ಯ ಸಾಕ್ಷಿ ರೆಸಿಡೆನ್ಸಿಯ ಹವಾಲ್ದಾರ ರಾವ್‌ಜಿ. ಅವನು ಬಾಯಿ ಬಿಟ್ಟದ್ದು ಕ್ಷಮಾದಾನದ ಭರವಸೆ ಸಿಕ್ಕ ಮೇಲೆ. ಕೊನೆಗೆ ಇಂಗ್ಲಿಷರು ಮೂವರೂ ತಪ್ಪಿತಸ್ಥನೆಂದರು. ನಮ್ಮವರು ಮೂವರಲ್ಲಿ ಒಬ್ಬರೂ ಹಾಗೆನ್ನಲಿಲ್ಲ. ಮೂರು ಮೂರು. ಆಗ ಸರ್ಕಾರ ಏನು ಮಾಡಿತು ಗೊತ್ತೇ? ವಿಷದ ಮಾತು ಪಕ್ಕಕ್ಕಿರಲಿ, ದುರಾಡಳಿತಕ್ಕಾಗಿ ಇಳಿಸುತ್ತೇವೆ ಎಂದು ಏಪ್ರಿಲ್‌ನಲ್ಲಿ ಇಳಿಸಿ ಮದರಾಸಿಗೆ ಸಾಗಿಸಿತು. ಅಲ್ಲೇ 1882ರಲ್ಲಿ ಸತ್ತ. ದುರಾಡಳಿತವೇ ಕಾರಣವಾಗಿದ್ದರೆ ಈ ವಿಚಾರಣೆ ಯಾಕೆ ಬೇಕಿತ್ತು ಸ್ವಾಮಿ?

ಮೈಸೂರಿನವರಾದ ನಮಗೆ ಈ ಮಾತು ಹೊಸದಲ್ಲ. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಅಧಿಕಾರ ಕಿತ್ತುಕೊಂಡಾಗಲೂ ದುರಾಡಳಿತವೆಂದೇ ಹೇಳಿದ್ದು. ಅವರು 1868ರಲ್ಲಿ ತೀರಿಕೊಳ್ಳುವವರೆಗೂ ಅಧಿಕಾರ ಹಿಂತಿರುಗಲಿಲ್ಲ. ಅವರನ್ನು ನಾವು ಪ್ರಹಸನ ಮಾಡುತ್ತೇವೆಯೇ? ಗಾಯಕವಾಡ ದೂರದವನು, ಅದಕ್ಕೇ ಅಗ್ಗ. ಅಷ್ಟು ದೂರವೂ ಅಲ್ಲ ಬಿಡಿ: ಅವನನ್ನು ಇಳಿಸಿದ ಮೇಲೆ ಬರೋಡೆಗೆ ದಿವಾನರಾಗಿ ಬಂದ ಟಿ. ಮಾಧವರಾಯರ ಮಗ ಆನಂದರಾಯರು ಮುಂದೆ ಮೈಸೂರಿನ ದಿವಾನರಾದರು. ಬೆಂಗಳೂರಿನ ಆನಂದರಾವ್ ಸರ್ಕಲ್ ಅವರ ಹೆಸರಿನದೇ.

ನನ್ನ ರೂಂಮೇಟ್ ಕೇಳಿದ: “ಒಳ್ಳೇದೇ ಆಯ್ತಲ್ಲೋ, ಸಯಾಜಿರಾವ್ ಬಂದ?” ನಿಜ. ಕವಳಾಣಾ ಎಂಬ ಹಳ್ಳಿಯ ಹನ್ನೆರಡು ವರ್ಷದ ಹುಡುಗನನ್ನು ಜಮ್ನಾಬಾಯಿ ದತ್ತು ತೆಗೆದುಕೊಂಡಳು. ಅಂಬೇಡ್ಕರರನ್ನು ಕೊಲಂಬಿಯಾಕ್ಕೆ ಕಳಿಸಿದ ವಿದ್ಯಾರ್ಥಿವೇತನ ಅವನದು. ಈ ಮಾತಿಗೆ ನಾನು ಆ ರಾತ್ರಿ ಉತ್ತರ ಕೊಡಲಾಗಲಿಲ್ಲ. ಈಗಲೂ ಪೂರ್ತಿ ಉತ್ತರವಿಲ್ಲ. ಇಷ್ಟು ಮಾತ್ರ ಹೇಳಬಲ್ಲೆ: ಮುಂದೆ ಬಂದವನು ಒಳ್ಳೆಯವನಾದ ಎಂಬುದು, ಹಿಂದಿನವನ ಮೇಲಿನ ಆರೋಪಕ್ಕೆ ರುಜುವಾತಾಗುವುದಿಲ್ಲ.

ನಾಟಕ ಆಡೋದೇ ಆದರೆ ಆಡೋಣ. ಶರಬತ್ತಿನ ಲೋಟ ತೋರಿಸಿ ನಗಿಸುವ ಬದಲು ಆ ಆರು ಕುರ್ಚಿಗಳನ್ನು ರಂಗದ ಮೇಲೆ ಹಾಕಿ. ರಾವ್‌ಜಿ ಹವಾಲ್ದಾರನ ಪಾತ್ರ ನನಗಿರಲಿ. ರಿಹರ್ಸಲ್ಲು ಯಾವತ್ತಿನಿಂದ ಅಂತ ಕಾರ್ಯದರ್ಶಿಗಳು ನೋಟೀಸು ಹಾಕಿದರೆ ಸಾಕು, ಬರುತ್ತೇನೆ.