ಕೂರಲಿಕ್ಕೆ ಒಂದು ಕಟ್ಟೆ ಇದೆಯೇನ್ರೀ?

ಸಾಗರದ ಬಸ್ ನಿಲ್ದಾಣದಲ್ಲಿ ಈ ಪತ್ರಿಕೆ ಕೈಲಿ ಹಿಡಿದು ಹಳ್ಳಿ ಬಸ್ಸಿಗೆ ಕಾಯುತ್ತಿರುವ ಮಹಾಶಯರಿಗೆ ಒಂದು ಪ್ರಶ್ನೆ. ಬಸ್ಸು ಬರಲು ಇನ್ನೂ ಮುಕ್ಕಾಲು ಗಂಟೆ ಇದೆ ಅಂತಿಟ್ಟುಕೊಳ್ಳಿ. ಕಾಸು ಖರ್ಚಿಲ್ಲದೆ, ಮರದ ನೆರಳಲ್ಲಿ, ಗುರುತಿನವರ ಜೊತೆ ನಾಲ್ಕು ಮಾತಾಡುತ್ತಾ ಕೂರಲು ಜಾಗ ಎಲ್ಲಿದೆ? ಹೋಟೆಲಿನಲ್ಲಿ ಕೂತರೆ ಕಾಫಿ ಮುಗಿದ ಕೂಡಲೇ ಏಳಬೇಕು. ಅಂಗಡಿ ಕಟ್ಟೆ ಮೇಲೆ ಕೂತರೆ ವ್ಯಾಪಾರಕ್ಕೆ ಅಡ್ಡ. ಇನ್ನು ಹೆಂಗಸರ ಪಾಡಂತೂ ಕೇಳಲೇಬೇಡಿ.

ಇದೇನು ಮಹಾ ವಿಷಯ ಅಂತ ನಗಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು 2025ರ ಜೂನ್‌ನಲ್ಲಿ ಹೊರಡಿಸಿದ ವರದಿಯ ಪ್ರಕಾರ, ಪ್ರಪಂಚದಲ್ಲಿ ಆರು ಜನರಲ್ಲಿ ಒಬ್ಬರಿಗೆ ಒಂಟಿತನದ ಬಾಧೆ. ಅದರ ದೆಸೆಯಿಂದ ವರ್ಷಕ್ಕೆ 8 ಲಕ್ಷ 71 ಸಾವಿರ ಸಾವು ಎಂಬ ಅಂದಾಜು. ಇದೆಲ್ಲಾ ಅಮೆರಿಕದ ಕಾಯಿಲೆ ಅನ್ನುವವರು ಒಮ್ಮೆ ನಮ್ಮ ಮೂರು ತಾಲ್ಲೂಕುಗಳ ಅಡಿಕೆ ತೋಟದ ಮನೆಗಳಿಗೆ ಹೋಗಿ ಬರಲಿ. ಮಕ್ಕಳು ಬೆಂಗಳೂರಿನಲ್ಲಿ. ದೊಡ್ಡ ಮನೆ, ದೊಡ್ಡ ಅಂಗಳ, ಒಳಗೆ ಇಬ್ಬರು ಮುದುಕರು. ಪಕ್ಕದ ಮನೆಗೆ ಅರ್ಧ ಮೈಲಿ. ಫೋನು ಬಂದರೆ ಮಾತು, ಇಲ್ಲದಿದ್ದರೆ ಟಿ.ವಿ.

ಹಿಂದಿನವರಿಗೆ ಇದು ಗೊತ್ತಿತ್ತು

ಸಾಗರಕ್ಕೆ ಹೆಸರು ಬಂದದ್ದೇ ಒಂದು ಕೆರೆಯಿಂದ. ಕೆಳದಿಯ ಸದಾಶಿವ ನಾಯಕನ ಸದಾಶಿವಸಾಗರವೇ ಇಂದಿನ ಗಣಪತಿ ಕೆರೆ. ತೀರ್ಥಹಳ್ಳಿಯವರಿಗೆ ತುಂಗೆ ಇದ್ದಾಳೆ. ಮಳೆಗಾಲದಲ್ಲಿ 'ರಾಮ ಮಂಟಪ ಮುಳುಗಿತಾ?' ಅಂತ ನೋಡಲು ಹೊಳೆ ಕಡೆ ಹೋಗುವುದೇ ಅಲ್ಲಿ ಒಂದು ಊರ ಕೂಟ. ಹೊಳೆ ನೋಡುವ ನೆಪ, ಕಷ್ಟಸುಖ ಮಾತಾಡುವ ಕೆಲಸ. ಎಳ್ಳಮಾವಾಸ್ಯೆ ಜಾತ್ರೆಯಲ್ಲೂ ನಡೆಯುವುದು ಅದೇ.

ಶರಾವತಿ ಹಿನ್ನೀರಿನ ಲಾಂಚನ್ನೇ ನೋಡಿ. ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯುವುದು ದೊಡ್ಡ ಕಷ್ಟವೇ ಆಗಿತ್ತು. ಸಂಜೆಯ ಮೇಲೆ ಕಾಯಿಲೆಯವರನ್ನು ದಾಟಿಸುವ ಪಾಡು ಆ ದೇವರಿಗೇ ಪ್ರೀತಿ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು, ಕರೂರು, ಬಾರಂಗಿ ಹೋಬಳಿಯವರ ಎಷ್ಟೋ ವರ್ಷದ ಗೋಳು ತಪ್ಪಿತು. ಸಂತೋಷ. ಆದರೆ ನೀರಿನ ಗಾಳಿಗೆ ಮುಖ ಕೊಟ್ಟು, ಅಡಿಕೆ ರೇಟಿನಿಂದ ಹಿಡಿದು ಹೆಣ್ಣು–ಗಂಡು ನೋಡುವ ಮಾತಿನ ತನಕ ಎಲ್ಲವನ್ನೂ ಮುಗಿಸುತ್ತಿದ್ದ ಆ ಅರ್ಧ ಗಂಟೆಯೂ ಲಾಂಚಿನ ಜೊತೆಗೇ ಹೋಯಿತು. ಲಾಂಚು ಮತ್ತೆ ಬರಲಿ ಅಂತ ಯಾರೂ ಕೇಳುತ್ತಿಲ್ಲ. ಸೇತುವೆಯ ಎರಡು ತುದಿಯಲ್ಲೂ ನೀರು ನೋಡುತ್ತಾ ಕೂರುವ ಹಾಗೆ ಒಂದೊಂದು ಮಾಡು ಕಟ್ಟಿಸಿದರೆ ಸಾಕು.

ಹೊಸನಗರದವರ ನಷ್ಟ ಇನ್ನೂ ಹಳೆಯದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಸಾಗರ, ಹೊಸನಗರ ತಾಲ್ಲೂಕುಗಳ ಊರಿಗೆ ಊರೇ ನೀರಿನಡಿ ಹೋದವು. ಮುಳುಗಿದ ಗದ್ದೆಗೆ, ಮನೆಗೆ ಅಷ್ಟೋ ಇಷ್ಟೋ ಪರಿಹಾರ ಅಂತ ಲೆಕ್ಕ ಬರೆದರು. ಊರ ಮುಂದಿನ ಅಶ್ವತ್ಥಕಟ್ಟೆಗೆ, ಬನಕ್ಕೆ, ಕೆರೆ ದಂಡೆಗೆ ಯಾವ ಲೆಕ್ಕ? ಚದುರಿಹೋದ ಜನ ಹೊಸ ಜಾಗದಲ್ಲಿ ಮನೆ ಕಟ್ಟಿಕೊಂಡರು. ಕೂಡಿ ಕೂರುವ ಜಾಗ ಅಷ್ಟು ಬೇಗ ಬೆಳೆಯುವುದಿಲ್ಲ ಸ್ವಾಮಿ. ಆಲದ ಮರ ಒಂದು ಬಜೆಟ್ಟಿನಲ್ಲಿ ದೊಡ್ಡದಾಗುತ್ತದೆಯೇ?

ದೂರ ಹೋಗಬೇಕಿಲ್ಲ

ಮಾದರಿ ನಮ್ಮಲ್ಲೇ ಇದೆ. 1949ರಲ್ಲಿ ಹೆಗ್ಗೋಡಿನಲ್ಲಿ ಹುಟ್ಟಿದ ನೀನಾಸಂ, ತೋಟದ ಕೆಲಸ ಮುಗಿಸಿ ಬಂದ ಜನ ಸಂಜೆ ಒಟ್ಟಿಗೆ ಸೇರಿದ್ದರಿಂದಲೇ ಬೆಳೆದದ್ದು. ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಎಲ್ಲರಿಗೂ ಗೊತ್ತು. ಆದರೆ ಬುಡದಲ್ಲಿ ಇದ್ದದ್ದು ಹಳ್ಳಿಯವರ ಸಂಜೆಯ ಕೂಟ. ಕುಪ್ಪಳಿಯ ಕವಿಶೈಲ ಏನು? ಒಂದು ಗುಡ್ಡ, ಒಂದು ಬಂಡೆ. ಕುವೆಂಪು ಅಲ್ಲಿ ಕೂತರು, ಸ್ನೇಹಿತರನ್ನೂ ಕರೆದೊಯ್ದು ಕೂರಿಸಿದರು. 1994ರಲ್ಲಿ ಅವರ ಅಂತ್ಯಕ್ರಿಯೆ ಆದದ್ದೂ ಅಲ್ಲೇ. ಇಂದು ಅದು ನಾಡಿಗೇ ಯಾತ್ರಾಸ್ಥಳ. ಊರಿಗೊಂದು ಕುವೆಂಪು ಹುಟ್ಟುವುದಿಲ್ಲ, ಒಪ್ಪೋಣ. ಊರಿಗೊಂದು ಬಂಡೆಗಾದರೂ ಬರವೇ?

'ಸುತ್ತಲೂ ಕಾಡೇ ಇರುವಾಗ ಪಾರ್ಕು ಯಾಕ್ರೀ?' ಎಂಬುದು ಕೆಲವರ ವಾದ. ಕಾಡು ಬೇರೆ, ಕೂರುವ ಜಾಗ ಬೇರೆ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ 2019ರಲ್ಲಿ ನಮ್ಮ ಅರಳಗೋಡನ್ನು ಹೇಗೆ ಕಾಡಿತು ಎಂಬುದನ್ನು ಮರೆತಿಲ್ಲ. ಚಳಿಗಾಲದಿಂದ ಮಳೆ ಹಿಡಿಯುವ ತನಕ ಉಣುಗಿನ ಭಯ. ಆಮೇಲೆ ಜಡಿಮಳೆ, ಇಂಬಳ. ಆದ್ದರಿಂದಲೇ ಊರಿಗೆ ಹತ್ತಿರ, ಕಸ ಹೊಡೆದು ಚೊಕ್ಕಟವಾಗಿಟ್ಟ, ಮರವಿರುವ ಜಾಗ ಬೇಕು.

ಆಡಳಿತದವರಿಗೆ ಅಭಿವೃದ್ಧಿ ಅಂದರೆ ಟೈಲ್ಸು, ಬಣ್ಣದ ದೀಪ, ಗೇಟಿಗೆ ಬೀಗ. ಬಯಲುಸೀಮೆಯ ನಕ್ಷೆ ತಂದು ಮಲೆನಾಡಿನಲ್ಲಿ ಬೆಂಚು ಹಾಕಿದರೆ ಜೂನ್‌ನಿಂದ ನಾಲ್ಕು ತಿಂಗಳು ಅದರ ಮೇಲೆ ಕೂರುವುದು ಪಾಚಿ ಮಾತ್ರ. ಇಲ್ಲಿ ಮೊದಲು ಬೇಕಾದ್ದು ಮಾಡು. ಆಮೇಲೆ ಹೆಂಗಸರಿಗೆ ಬಾಗಿಲು ಚಿಲಕ ಸರಿ ಇರುವ ಶೌಚಾಲಯ. ಮೂರನೆಯದು, ವೇಳೆ. ಅಂಗಡಿಯವರಿಗೆ ಪುರುಸೊತ್ತು ಸಿಗುವುದು ಬಾಗಿಲು ತೆಗೆಯುವ ಮುಂಚೆ, ಇಲ್ಲವೇ ಬಾಗಿಲು ಹಾಕಿದ ಮೇಲೆ. ಸಂಜೆ ಆರಕ್ಕೆ ಗೇಟು ಹಾಕಿದರೆ ಅದು ಯಾರಿಗಾಗಿ ಇರುವ ಪಾರ್ಕು? ಹಲಸು, ನೇರಳೆ, ಹೊಂಗೆ ನೆಟ್ಟರೆ ನೆರಳಿಗೆ ನೆರಳು, ಖರ್ಚೂ ಕಮ್ಮಿ.

ಕಾನೂನಿನ ಬಲವೂ ಇದೆ. ಕೆರೆ, ಗೋಮಾಳದಂಥ ಊರೊಟ್ಟಿನ ಜಾಗದ ಒತ್ತುವರಿ ತೆಗೆಸಿ ಜನರಿಗೆ ಮರಳಿಸಿ ಅಂತ ಸುಪ್ರೀಂ ಕೋರ್ಟು 2011ರ ಜನವರಿಯಲ್ಲಿ, ಜಗ್ಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ. ಗ್ರಾಮಸಭೆಯಲ್ಲಿ ಎದ್ದು ನಿಂತು 'ನಮ್ಮೂರ ಕೆರೆ ದಂಡೆಯ ಸರ್ವೆ ಯಾವಾಗ?' ಅಂತ ಕೇಳಲು ವಕೀಲರು ಬೇಕಿಲ್ಲ. ನಾಲ್ಕು ಜನ ಒಟ್ಟಿಗೆ ಹೋದರೆ ಸಾಕು.

ಆದರೆ ಆ ನಾಲ್ಕು ಜನ ಮೊದಲು ಎಲ್ಲಿ ಕೂತು ಮಾತಾಡುವುದು? ತೊಂದರೆ ಇರುವುದೇ ಅಲ್ಲಿ. ಮಾತಾಡಲು ಜಾಗವಿಲ್ಲದ ಊರಿನಲ್ಲಿ ಅಹವಾಲೂ ಹುಟ್ಟುವುದಿಲ್ಲ, ಅಧಿಕಾರಸ್ಥರಿಗೆ ಅಷ್ಟು ನೆಮ್ಮದಿ. ಸದ್ಯಕ್ಕೆ ಬಸ್ಸು ಬರುವ ತನಕ ಪಕ್ಕದಲ್ಲಿ ನಿಂತವರ ಜೊತೆಗೇ ಶುರು ಮಾಡಿ. ಪೇಪರು ಮಡಚಿಟ್ಟು, 'ಯಾವೂರಾಯ್ತು ತಮ್ದು?' ಅಂತ ಕೇಳಿ ನೋಡಿ.